ತೂಕ ಇಳಿಕೆಗಾಗಿ ಪ್ರೋಟೀನ್‌ಯುಕ್ತ ಊಟ-ಬದಲಿ ಆಹಾರ ಮತ್ತು ಪೋಷಕಾಂಶ ಪೂರಕಗಳು: ಸಾರ್ವಜನಿಕರಿಗೆ ಮಾಹಿತಿ

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನಾಗರಿಕರಿಗಾಗಿ)

ಪೀಠಿಕೆ

ದೇಹದ ತೂಕ ಇಳಿಸುವ ಉದ್ದೇಶದಿಂದ ಊಟದ ಬದಲಿಗೆ ಸೇವಿಸುವ ಪ್ರೋಟೀನ್ ಪುಡಿ, ಪಾನೀಯ ಹಾಗೂ ಪೋಷಕಾಂಶದ ಮಾತ್ರೆಗಳು ಇಂದು ಔಷಧದ ಅಂಗಡಿ, ವ್ಯಾಯಾಮಶಾಲೆ, ಮನೆಬಾಗಿಲಿಗೆ ಬರುವ ನೇರ ಮಾರಾಟಗಾರರು ಮತ್ತು ಅಂತರ್ಜಾಲದ ಮೂಲಕ ಮಾರಾಟವಾಗುತ್ತಿವೆ. ಇವು ಕಾನೂನಿನ ದೃಷ್ಟಿಯಲ್ಲಿ ಆಹಾರಗಳೇ ಹೊರತು ಔಷಧಗಳಲ್ಲ. ಸರಿಯಾದ ವ್ಯಕ್ತಿ, ಸರಿಯಾದ ಅಳತೆಯಲ್ಲಿ, ವೈದ್ಯರ ನಿಗಾದಲ್ಲಿ ಬಳಸಿದಲ್ಲಿ ಇವುಗಳಿಂದ ಪ್ರಯೋಜನವಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರು ಅಥವಾ ಮೂತ್ರಪಿಂಡದ ತೊಂದರೆ ಇರುವವರು ತಮ್ಮಷ್ಟಕ್ಕೆ ತಾವೇ ಬಳಸಿದಲ್ಲಿ ಪ್ರಾಣಾಪಾಯವೂ ಸಂಭವಿಸಬಹುದು. ಆದುದರಿಂದ ಖರೀದಿಗೆ ಮುನ್ನ ತಿಳಿಯಬೇಕಾದ ಅಂಶಗಳನ್ನು, ದೊರೆಯುವ ತಪಾಸಣಾ ಸೇವೆಗಳನ್ನು ಮತ್ತು ದೂರು ಸಲ್ಲಿಸುವ ವಿಧಾನವನ್ನು ಇಲ್ಲಿ ನೀಡಲಾಗಿದೆ.

ಮೇಲ್ಕಂಡ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲಾಗಿದ್ದು, ರಾಮನಗರವೇ ಜಿಲ್ಲಾ ಕೇಂದ್ರವಾಗಿ ಮುಂದುವರಿದಿದೆ.

ಈ ಮಾಹಿತಿ ಏಕೆ ಅಗತ್ಯ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರು ಮತ್ತು ಪುರುಷರಲ್ಲಿ ಶೇಕಡ 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣವು ಶೇಕಡ 22ರಿಂದ 23ರಷ್ಟಿತ್ತು.

ಈ ಭಾಗದ ಜನರ ದುಡಿಮೆಯ ರೀತಿಯೂ ಬದಲಾಗಿದೆ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ಕುಟುಂಬಗಳ ಮುಂದಿನ ತಲೆಮಾರಿನವರು ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಕೆಲಸಕ್ಕೆ, ಬೆಂಗಳೂರಿನ ಕಚೇರಿಗಳಿಗೆ ರೈಲು ಮತ್ತು ಬಸ್ಸುಗಳಲ್ಲಿ ಹೋಗಿ ಬರುತ್ತಿದ್ದಾರೆ. ಚನ್ನಪಟ್ಟಣದ ಗೊಂಬೆ ತಯಾರಿಕೆಯಲ್ಲಿಯೂ ಬಹುಪಾಲು ಕೆಲಸ ಕುಳಿತಲ್ಲಿಯೇ ನಡೆಯುತ್ತದೆ. ದುಡಿಮೆಯ ಶ್ರಮ ಕಡಿಮೆಯಾದರೂ ತಟ್ಟೆಯಲ್ಲಿನ ಮುದ್ದೆ ಮತ್ತು ಅನ್ನದ ಪ್ರಮಾಣ ಮೊದಲಿನಷ್ಟೇ ಉಳಿದಲ್ಲಿ ತೂಕ ಹೆಚ್ಚುವುದು ಸಹಜ.

ಊಟ-ಬದಲಿ ಆಹಾರ ಎಂದರೇನು

ಒಂದು ಹೊತ್ತಿನ ಊಟ ಅಥವಾ ಉಪಾಹಾರಕ್ಕೆ ಬದಲಾಗಿ ಸೇವಿಸಲು ತಯಾರಿಸಿದ, ಕ್ಯಾಲೊರಿಯನ್ನು ಮಿತಿಗೊಳಿಸಿ ಪ್ರೋಟೀನ್, ನಾರಿನಂಶ, ಜೀವಸತ್ವ ಮತ್ತು ಖನಿಜಗಳನ್ನು ಸೇರಿಸಿದ ಆಹಾರಕ್ಕೆ ಊಟ-ಬದಲಿ ಆಹಾರ ಎನ್ನಲಾಗುತ್ತದೆ. ತೂಕ ಇಳಿಕೆಯ ಇಂತಹ ಆಹಾರಗಳಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತಾ ಆಯೋಗವು 1991ರಲ್ಲಿ ಮಾನಕವನ್ನು ನಿಗದಿಪಡಿಸಿದೆ. ಅದರ ಮುಖ್ಯಾಂಶಗಳು ಈ ಕೆಳಕಂಡಂತಿವೆ.

1. ಒಂದು ಹೊತ್ತಿನ ಊಟದ ಬದಲಿಗೆ ನೀಡುವ ಆಹಾರವು 200ರಿಂದ 400 ಕ್ಯಾಲೊರಿ ಒದಗಿಸಬೇಕು.
2. ದಿನದ ಎಲ್ಲ ಊಟಗಳ ಬದಲಿಗೆ ನೀಡುವುದಾದರೆ ಒಟ್ಟು 800ರಿಂದ 1,200 ಕ್ಯಾಲೊರಿ ಇರಬೇಕು.
3. ಒಟ್ಟು ಕ್ಯಾಲೊರಿಯಲ್ಲಿ ಶೇಕಡ 25ರಿಂದ 50ರಷ್ಟು ಪ್ರೋಟೀನ್‌ನಿಂದ ಬರಬೇಕು. ದಿನಕ್ಕೆ ಪ್ರೋಟೀನ್ ಪ್ರಮಾಣ 125 ಗ್ರಾಂ ಮೀರಬಾರದು.
4. ಕೊಬ್ಬಿನಿಂದ ದೊರೆಯುವ ಕ್ಯಾಲೊರಿ ಶೇಕಡ 30ನ್ನು ಮೀರಬಾರದು.

ಕೇವಲ ಪ್ರೋಟೀನ್ ಮಾತ್ರ ಇರುವ ಪುಡಿಯು ಊಟ-ಬದಲಿ ಆಹಾರವಲ್ಲ. ಅದು ಪೂರಕ ಮಾತ್ರ. ಎಂದಿನ ಊಟವನ್ನು ಪೂರ್ಣವಾಗಿ ಸೇವಿಸಿ ಅದರ ಮೇಲೆ ಪ್ರೋಟೀನ್ ಪಾನೀಯವನ್ನೂ ಕುಡಿದಲ್ಲಿ ದಿನದ ಕ್ಯಾಲೊರಿ ಹೆಚ್ಚಾಗಿ, ಇಳಿಯಬೇಕಾದ ತೂಕ ಏರುವ ಸಂಭವವಿರುತ್ತದೆ.

ತೂಕ ಇಳಿಯುವುದು ಹೇಗೆ

ದೇಹವು ವ್ಯಯಿಸುವ ಕ್ಯಾಲೊರಿಗಿಂತ ಸೇವಿಸುವ ಕ್ಯಾಲೊರಿ ಕಡಿಮೆಯಾದಾಗ ಮಾತ್ರ ಕೊಬ್ಬು ಕರಗುತ್ತದೆ. ಪುಡಿಯಲ್ಲಿ ಕೊಬ್ಬು ಕರಗಿಸುವ ಪ್ರತ್ಯೇಕ ಶಕ್ತಿ ಏನೂ ಇರುವುದಿಲ್ಲ. ಅಳತೆ ಖಚಿತವಾಗಿರುವುದರಿಂದ ಕ್ಯಾಲೊರಿಯ ಲೆಕ್ಕ ಸುಲಭವಾಗುತ್ತದೆ ಮತ್ತು ಪ್ರೋಟೀನ್ ಹಸಿವನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ ಎಂಬುದೇ ಇದರ ಅನುಕೂಲ. ತೂಕ ಇಳಿಯುವಾಗ ಮಾಂಸಖಂಡ ಸವೆಯದಂತೆ ಕಾಪಾಡಲು ಸಾಕಷ್ಟು ಪ್ರೋಟೀನ್ ಮತ್ತು ವ್ಯಾಯಾಮ ಎರಡೂ ಅಗತ್ಯ.

ವಾರಕ್ಕೆ ಅರ್ಧ ಕಿಲೋಗ್ರಾಂ ಇಳಿಕೆಯನ್ನು ಸುರಕ್ಷಿತವೆಂದೂ, ತೂಕ ಇಳಿಸುವ ಆಹಾರಕ್ರಮವು ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ ಇರಬಾರದೆಂದೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ತಿಳಿಸುತ್ತದೆ. ಮೊದಲ ವಾರದಲ್ಲಿ ಎರಡು ಮೂರು ಕಿಲೋಗ್ರಾಂ ಇಳಿದರೆ ಅದರಲ್ಲಿ ಹೆಚ್ಚಿನ ಭಾಗ ನೀರಿನಂಶವಾಗಿರುತ್ತದೆ. ಇದನ್ನೇ ತೋರಿಸಿ ತಿಂಗಳಿಗೆ ಹತ್ತು ಕಿಲೋಗ್ರಾಂ ಇಳಿಸುವುದಾಗಿ ಹೇಳುವ ಭರವಸೆಯನ್ನು ನಂಬಬಾರದು.

ವೈದ್ಯರ ನಿಗಾದಲ್ಲಿ ಊಟ-ಬದಲಿ ಆಹಾರದಿಂದ ಆಗುವ ಲಾಭಕ್ಕೆ ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಅಧ್ಯಯನವು ಉತ್ತಮ ನಿದರ್ಶನ. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡನೆಯ ವಿಧದ ಸಕ್ಕರೆ ಕಾಯಿಲೆ ಇದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಬದಲಿ ಆಹಾರವನ್ನು ಮಾತ್ರ ನೀಡಿ, ನಂತರ ಹಂತಹಂತವಾಗಿ ಸಾಮಾನ್ಯ ಊಟಕ್ಕೆ ಮರಳಿಸಲಾಯಿತು. ಒಂದು ವರ್ಷದ ಬಳಿಕ ಅವರಲ್ಲಿ ಶೇಕಡ 46 ಮಂದಿಯ ಸಕ್ಕರೆ ಕಾಯಿಲೆ ಔಷಧವಿಲ್ಲದೆಯೇ ಹತೋಟಿಯ ಮಟ್ಟಕ್ಕೆ ಇಳಿದಿತ್ತು. ಎರಡು ವರ್ಷಗಳ ಬಳಿಕ ಈ ಪ್ರಮಾಣ ಶೇಕಡ 36ಕ್ಕೆ ಇಳಿಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರೇ ನಿಲ್ಲಿಸಿದ್ದರು. ಬದಲಿ ಆಹಾರ ಮುಗಿದ ಮೇಲೂ ತೂಕ ಮರಳಿ ಏರದಂತೆ ನಿರಂತರ ಮಾರ್ಗದರ್ಶನ ನೀಡಲಾಗಿತ್ತು. ಅಂಗಡಿಯಿಂದ ತಂದ ಡಬ್ಬಿಯಲ್ಲಿ ಈ ಎರಡೂ ಇರುವುದಿಲ್ಲ.

ಮೊದಲು ಅಳತೆ, ಆನಂತರ ನಿರ್ಧಾರ

ತೂಕ ಇಳಿಸುವ ಅಗತ್ಯವಿದೆಯೇ ಎಂಬುದನ್ನು ಅಳತೆಯಿಂದಲೇ ನಿರ್ಧರಿಸಬೇಕು. ಕಿಲೋಗ್ರಾಂಗಳಲ್ಲಿನ ತೂಕವನ್ನು, ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ಭಾರತೀಯರಿಗೆ ಅನ್ವಯಿಸುವ ಮಿತಿಯಂತೆ ಈ ಸಂಖ್ಯೆ 23 ಅಥವಾ ಹೆಚ್ಚಿದ್ದರೆ ಅಧಿಕ ತೂಕ, 25 ಅಥವಾ ಹೆಚ್ಚಿದ್ದರೆ ಬೊಜ್ಜು. ಉದಾಹರಣೆಗೆ, 160 ಸೆಂಟಿಮೀಟರ್ ಎತ್ತರದ ವ್ಯಕ್ತಿಯಲ್ಲಿ 59 ಕಿಲೋಗ್ರಾಂನಿಂದ ಅಧಿಕ ತೂಕವೂ, 64 ಕಿಲೋಗ್ರಾಂನಿಂದ ಬೊಜ್ಜೂ ಆರಂಭವಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ತಲುಪಿದ್ದಲ್ಲಿ ಎಚ್ಚರ ವಹಿಸಬೇಕು.

ಥೈರಾಯ್ಡ್ ಗ್ರಂಥಿಯ ದೋಷ ಅಥವಾ ಕೆಲವು ಔಷಧಗಳಿಂದಲೂ ತೂಕ ಹೆಚ್ಚುತ್ತದೆ. ಇಂತಹ ಸಂದರ್ಭದಲ್ಲಿ ಪುಡಿಯ ಮೇಲೆ ಹಣ ವ್ಯಯಿಸುವುದಕ್ಕಿಂತ ಮೂಲ ಕಾರಣಕ್ಕೆ ಚಿಕಿತ್ಸೆ ಪಡೆಯುವುದು ಮುಖ್ಯ.

ದಿನಕ್ಕೆ ಬೇಕಾದ ಪ್ರೋಟೀನ್ ಮತ್ತು ಸ್ಥಳೀಯ ಆಹಾರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಗತ್ಯ. 60 ಕಿಲೋಗ್ರಾಂ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸದಿರುವಂತೆ ಸಲಹೆ ನೀಡಿದೆ.

ಈ ಭಾಗದಲ್ಲಿ ಬೆಳೆಯುವ ಮತ್ತು ಸುಲಭವಾಗಿ ದೊರೆಯುವ ಆಹಾರಗಳಲ್ಲಿನ ಪ್ರೋಟೀನ್ ಪ್ರಮಾಣ ಅಂದಾಜು ಹೀಗಿದೆ.

• ರಾಗಿ, 100 ಗ್ರಾಂ: 7 ಗ್ರಾಂ (ಜೊತೆಗೆ 340ರಿಂದ 360 ಮಿಲಿಗ್ರಾಂ ಸುಣ್ಣದಂಶ)
• ಹುರುಳಿಕಾಳು, 100 ಗ್ರಾಂ: 22 ಗ್ರಾಂ
• ಒಣ ಅವರೆಕಾಳು, 100 ಗ್ರಾಂ: 20ರಿಂದ 25 ಗ್ರಾಂ
• ತೊಗರಿಬೇಳೆ, 100 ಗ್ರಾಂ: 22 ಗ್ರಾಂ
• ಕೋಳಿಮೊಟ್ಟೆ, ಒಂದು: 6 ಗ್ರಾಂ
• ಹಸುವಿನ ಹಾಲು, 250 ಮಿಲಿಲೀಟರ್: 8 ಗ್ರಾಂ

50 ಗ್ರಾಂ ರಾಗಿಹಿಟ್ಟಿನ ಸಣ್ಣ ಮುದ್ದೆ, 40 ಗ್ರಾಂ ಕಾಳು ಹಾಗೂ 100 ಗ್ರಾಂ ಸೊಪ್ಪು ಹಾಕಿದ ಸಾರು, ಒಂದು ಚಮಚ ಎಣ್ಣೆಯ ಒಗ್ಗರಣೆ ಮತ್ತು ಒಂದು ಬೇಯಿಸಿದ ಮೊಟ್ಟೆ, ಇಷ್ಟು ಸೇರಿದ ಊಟದಿಂದ ಸುಮಾರು 450 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಬದಲಿ ಆಹಾರದ ಗರಿಷ್ಠ ಮಿತಿಯಾದ 400 ಕ್ಯಾಲೊರಿಗೆ ಇದು ಬಹಳ ಹತ್ತಿರವಿದೆ. ಮೊಟ್ಟೆ ತಿನ್ನದವರು ಅದರ ಬದಲು ಒಂದು ಲೋಟ ಕೆನೆ ತೆಗೆದ ಹಾಲು ಅಥವಾ ಅದರ ಮೊಸರನ್ನು ಸೇರಿಸಿಕೊಳ್ಳಬಹುದು. ಮಾಗಡಿಯ ಸೊಗಡು ಅವರೆಕಾಯಿ ಬರುವ ಚಳಿಗಾಲದಲ್ಲಿ ಹಸಿ ಅವರೆಕಾಳನ್ನು ಬಳಸಬಹುದಾದರೂ, ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಪ್ರೋಟೀನ್ ಒಣಕಾಳಿಗಿಂತ ಕಡಿಮೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಆದುದರಿಂದ ಬಹುಪಾಲು ಜನರಿಗೆ ಮುದ್ದೆಯನ್ನು ಬಿಡುವ ಅಗತ್ಯವಿಲ್ಲ. ಮುದ್ದೆಯ ಗಾತ್ರ ಕಡಿಮೆ ಮಾಡಿ, ಸಾರಿನಲ್ಲಿ ಕಾಳಿನ ಪ್ರಮಾಣ ಹೆಚ್ಚಿಸಿದರೆ ಸಾಕು. ಪಾಳಿ ಕೆಲಸ ಅಥವಾ ದೂರದ ಪ್ರಯಾಣದಿಂದ ಒಂದು ಹೊತ್ತು ಸರಿಯಾದ ಊಟ ಸಿಗದೆ ಕರಿದ ತಿಂಡಿಯ ಮೊರೆಹೋಗುವವರಿಗೆ ಮಾತ್ರ, ಆ ಒಂದು ಹೊತ್ತಿಗೆ ಊಟ-ಬದಲಿ ಆಹಾರವು ಉಪಯುಕ್ತವಾಗಬಹುದು.

ಡಬ್ಬಿಯ ಮೇಲೆ ಪರಿಶೀಲಿಸಬೇಕಾದ ಅಂಶಗಳು

1. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಗುರುತು ಹಾಗೂ 14 ಅಂಕಿಗಳ ಪರವಾನಗಿ ಸಂಖ್ಯೆ. ಸಂಖ್ಯೆಯು ಚಾಲ್ತಿಯಲ್ಲಿದೆಯೇ ಎಂಬುದನ್ನು ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.
2. ಆರೋಗ್ಯ ಪೂರಕವಾಗಿದ್ದಲ್ಲಿ ಆ ಪದ, ಔಷಧೀಯ ಬಳಕೆಗೆ ಅಲ್ಲ ಎಂಬ ಸೂಚನೆ ಮತ್ತು ವೈವಿಧ್ಯಮಯ ಆಹಾರಕ್ಕೆ ಇದು ಬದಲಿಯಲ್ಲ ಎಂಬ ಎಚ್ಚರಿಕೆ. ಇವುಗಳನ್ನು ಪ್ರಾಧಿಕಾರದ 2016ರ ವಿನಿಯಮಗಳು ಕಡ್ಡಾಯಗೊಳಿಸಿವೆ.
3. ತಯಾರಿಕೆ ಹಾಗೂ ಬಳಕೆಯ ಅವಧಿಯ ದಿನಾಂಕ, ತಂಡದ ಸಂಖ್ಯೆ, ತಯಾರಕರ ಅಥವಾ ಆಮದುದಾರರ ಪೂರ್ಣ ವಿಳಾಸ.
4. ಪ್ರೋಟೀನ್ ಪ್ರಮಾಣವು ಪುಡಿಯದ್ದೋ, ಹಾಲು ಬೆರೆಸಿದ ನಂತರದ್ದೋ ಎಂಬುದು. ಒಂದು ಲೋಟ ಹಾಲಿನಲ್ಲಿಯೇ 8 ಗ್ರಾಂ ಪ್ರೋಟೀನ್ ಇರುವುದರಿಂದ, ಹಾಲಿನೊಂದಿಗೆ 17 ಗ್ರಾಂ ಎಂದು ನಮೂದಿಸಿದ ಪುಡಿಯಲ್ಲಿ ವಾಸ್ತವವಾಗಿ 9 ಗ್ರಾಂ ಮಾತ್ರ ಇರುತ್ತದೆ.
5. ಸೇರಿಸಿದ ಸಕ್ಕರೆಯ ಪ್ರಮಾಣ.

ಬೆಲೆಯ ಲೆಕ್ಕ: ಡಬ್ಬಿಯ ಬೆಲೆಯನ್ನು ಡಬ್ಬಿಯಲ್ಲಿರುವ ಒಟ್ಟು ಪ್ರೋಟೀನ್ ಗ್ರಾಂಗಳಿಂದ ಭಾಗಿಸಬೇಕು. ಲೆಕ್ಕದ ಉದಾಹರಣೆಗಾಗಿ, 1,440 ರೂಪಾಯಿಯ ಡಬ್ಬಿಯಲ್ಲಿ 20 ಬಾರಿಗೆ ಸಾಲುವ ಪುಡಿ ಇದ್ದು, ಪ್ರತಿ ಬಾರಿ 9 ಗ್ರಾಂ ಪ್ರೋಟೀನ್ ದೊರೆಯುವುದಾದರೆ, ಒಂದು ಗ್ರಾಂಗೆ 8 ರೂಪಾಯಿ ತಗಲುತ್ತದೆ. ಇದನ್ನು ಅಂದಿನ ಮೊಟ್ಟೆಯ ಬೆಲೆಯ ಆರನೆಯ ಒಂದು ಭಾಗದೊಂದಿಗೆ ಹೋಲಿಸಿ ನೋಡುವುದು.

ವೈದ್ಯರ ಸಲಹೆ ಇಲ್ಲದೆ ಬಳಸಬಾರದವರು

• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ಪಡೆಯುತ್ತಿರುವವರು. ಔಷಧದ ಪ್ರಮಾಣ ಬದಲಿಸದೆ ಊಟ ಕಡಿಮೆ ಮಾಡಿದಲ್ಲಿ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು.
• ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಹೆಚ್ಚುವರಿ ಪ್ರೋಟೀನ್ ಹಾನಿಕರ.
• ರಕ್ತದೊತ್ತಡದ ಮಾತ್ರೆ ಸೇವಿಸುವವರು. ತೂಕ ಇಳಿದಂತೆ ಒತ್ತಡವೂ ಇಳಿಯುವುದರಿಂದ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು.
• ಥೈರಾಯ್ಡ್ ಮಾತ್ರೆ ಸೇವಿಸುವವರು. ಸೋಯಾ ಮತ್ತು ಸುಣ್ಣದಂಶವುಳ್ಳ ಪುಡಿಗಳು ಮಾತ್ರೆಯು ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ.
• ಪಿತ್ತಕೋಶದಲ್ಲಿ ಕಲ್ಲು ಇರುವವರು. ತೂಕ ವೇಗವಾಗಿ ಇಳಿದಲ್ಲಿ ಕಲ್ಲಿನ ತೊಂದರೆ ಹೆಚ್ಚುತ್ತದೆ.
• ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನವರು ಮತ್ತು ವೃದ್ಧರು.

ಸೇವನೆಯ ನಂತರ ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಎದೆಬಡಿತ ಹೆಚ್ಚುವುದು, ಬೆವರಿ ತಲೆಸುತ್ತುವುದು ಅಥವಾ ತೀವ್ರ ಹೊಟ್ಟೆನೋವು ಕಂಡುಬಂದಲ್ಲಿ ಕೂಡಲೇ ಸೇವನೆ ನಿಲ್ಲಿಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ ತೆರಳಬೇಕು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.

ಕಲಬೆರಕೆ ಮತ್ತು ಸುಳ್ಳು ಭರವಸೆ

ಹಸಿವು ತಗ್ಗಿಸುವ ಸಿಬುಟ್ರಮೈನ್ ಎಂಬ ಔಷಧವು ಹೃದಯಕ್ಕೆ ಅಪಾಯಕಾರಿ ಎಂದು ಕಂಡುಬಂದುದರಿಂದ ಭಾರತದಲ್ಲಿ 2011ರಲ್ಲಿ ನಿಷೇಧಿಸಲ್ಪಟ್ಟಿತು. ‘ಗಿಡಮೂಲಿಕೆ’ ಎಂದು ಮಾರುವ ತೂಕ ಇಳಿಕೆಯ ಉತ್ಪನ್ನಗಳಲ್ಲಿ ಇದನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪೂರಕಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡ 70 ಉತ್ಪನ್ನಗಳ ಪ್ರೋಟೀನ್ ಮಾಹಿತಿ ನಿಖರವಾಗಿರಲಿಲ್ಲ. ಕೆಲವುಗಳಲ್ಲಿ ನಮೂದಿಸಿದ ಪ್ರಮಾಣದ ಅರ್ಧದಷ್ಟು ಮಾತ್ರ ಇತ್ತು. ಶೇಕಡ 14ರಷ್ಟರಲ್ಲಿ ಶಿಲೀಂಧ್ರದ ವಿಷಾಂಶ ಕಂಡುಬಂದಿತ್ತು.

ಬೊಜ್ಜನ್ನು ಗುಣಪಡಿಸುವುದಾಗಿ ಔಷಧವನ್ನು ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮದಡಿ ನಿಷಿದ್ಧ. ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತು ನೀಡಿದವರಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ 53ನೇ ಪ್ರಕರಣದಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಮನೆಗೆ ಬರುವ ನೇರ ಮಾರಾಟಗಾರರು ಗುರುತಿನ ಚೀಟಿ ಹೊಂದಿರಬೇಕು ಮತ್ತು ಮುಂಚಿತವಾಗಿ ಸಮಯ ಪಡೆಯದೆ ಬರಬಾರದು ಎಂದು 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ತಿಳಿಸುತ್ತವೆ. ಉತ್ಪನ್ನದ ಮಾರಾಟಕ್ಕಿಂತ ಹೊಸ ಸದಸ್ಯರನ್ನು ಸೇರಿಸುವುದಕ್ಕೇ ಹಣ ನೀಡುವ ಸರಪಳಿ ಯೋಜನೆಗಳನ್ನು ಸದರಿ ನಿಯಮಗಳು ನಿಷೇಧಿಸಿವೆ. ತೂಕ ಇಳಿಸಿಕೊಳ್ಳಲು ಬಂದವರನ್ನೇ ಸಾಲ ಮಾಡಿ ಡಬ್ಬಿಗಳನ್ನು ಸಂಗ್ರಹಿಸಿಡುವಂತೆ ಒತ್ತಾಯಿಸಿದಲ್ಲಿ ಹಣ ತೊಡಗಿಸದೆ ದೂರು ನೀಡುವುದು.

ತಪಾಸಣೆ ಮತ್ತು ಸಲಹಾ ಸೇವೆ

ಅಸಾಂಕ್ರಾಮಿಕ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸಲಾಗುತ್ತದೆ. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಅಗತ್ಯವಿದ್ದಲ್ಲಿ ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ತಾಲ್ಲೂಕು ಆಸ್ಪತ್ರೆಗಳನ್ನು ಅಥವಾ ರಾಮನಗರದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು. ಬರುವಾಗ ಗುರುತಿನ ಚೀಟಿ, ಹಿಂದಿನ ಚಿಕಿತ್ಸಾ ಚೀಟಿಗಳು, ಸೇವಿಸುತ್ತಿರುವ ಎಲ್ಲ ಮಾತ್ರೆಗಳು ಮತ್ತು ಖರೀದಿಸಿದ ಅಥವಾ ಖರೀದಿಸಬೇಕೆಂದಿರುವ ಉತ್ಪನ್ನದ ಡಬ್ಬಿ ಅಥವಾ ಅದರ ಚಿತ್ರವನ್ನು ತರುವುದು.

ದೂರು ಸಲ್ಲಿಸುವ ವಿಧಾನ

1. ಗುಣಮಟ್ಟ ಅಥವಾ ಲೇಬಲ್ ಕುರಿತ ದೂರು: ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿ ಅಥವಾ ಜಿಲ್ಲೆಯ ಅಂಕಿತ ಅಧಿಕಾರಿಯವರಿಗೆ ಲಿಖಿತವಾಗಿ, ಇಲ್ಲವೇ ಮೇಲೆ ತಿಳಿಸಿದ ಆ್ಯಪ್‌ ಮೂಲಕ ಸಲ್ಲಿಸುವುದು. ಬಿಲ್ಲಿನ ಪ್ರತಿ, ತಂಡದ ಸಂಖ್ಯೆ ಮತ್ತು ಡಬ್ಬಿಯ ಎಲ್ಲ ಬದಿಗಳ ಚಿತ್ರಗಳನ್ನು ಲಗತ್ತಿಸುವುದು. ಉಳಿದ ಪುಡಿಯನ್ನು ಎಸೆಯಬಾರದು.

2. ಖರೀದಿದಾರರೇ ಪರೀಕ್ಷೆ ಮಾಡಿಸುವುದು: ಅಧಿನಿಯಮದ 40ನೇ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷಾ ವರದಿ ಪಡೆಯಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಉತ್ಪನ್ನವು ಅಧಿನಿಯಮಕ್ಕೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಅರ್ಹರಾಗುತ್ತಾರೆ.

3. ಹಣ ವಾಪಸಾತಿ ಮತ್ತು ಪರಿಹಾರ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇತ್ಯರ್ಥವಾಗದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ಬಿಲ್ಲು ಇಲ್ಲದೆ ಖರೀದಿಸಿದ ಉತ್ಪನ್ನದ ಬಗ್ಗೆ ದೂರನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಆದುದರಿಂದ ಪರಿಚಿತರಿಂದ ಖರೀದಿಸಿದರೂ ಬಿಲ್ಲನ್ನು ತಪ್ಪದೆ ಪಡೆಯುವುದು.

ಸಾರಾಂಶ

ಮೊದಲು ತೂಕ ಮತ್ತು ಸೊಂಟದ ಸುತ್ತಳತೆ, ನಂತರ ರಕ್ತದೊತ್ತಡ ಹಾಗೂ ಸಕ್ಕರೆಯ ತಪಾಸಣೆ, ಆ ಬಳಿಕ ಊಟದ ತಟ್ಟೆಯ ತಿದ್ದುಪಡಿ, ಇವು ಮೂರೂ ಆದ ಮೇಲೆ ಮಾತ್ರ ಡಬ್ಬಿಯ ವಿಚಾರ ಮಾಡುವುದು ಸೂಕ್ತ. ನಿತ್ಯ ಮಾತ್ರೆ ಸೇವಿಸುವವರು ಒಂದು ಹೊತ್ತಿನ ಊಟವನ್ನು ಬದಲಿಸುವ ಮುನ್ನವೂ ವೈದ್ಯರನ್ನು ಕಾಣತಕ್ಕದ್ದು.